ಫಕೀರಪ್ಪ ಗೋಡೆಗೆ ಹಾಕಿದ ಹಾರ

೨೦೨೪ನೆಯ ಇಸವಿ ಮಾರ್ಚ್ ತಿಂಗಳ ೬ನೆಯ ತಾರೀಖು, ಬುಧವಾರ. ಶಿಶಿರ ಋತು ಇನ್ನೂ ಮುಗಿದಿರಲಿಲ್ಲವಾದರೂ ಯಲಹಂಕದ ಮೇಲೆ ಬೇಸಿಗೆ ಆಗಲೇ ಬಂದು ಕುಳಿತಿತ್ತು. ಮಧ್ಯಾಹ್ನದ ಬಿಸಿಲು ಮೂವತ್ತನಾಲ್ಕು ಡಿಗ್ರಿಯ ಹತ್ತಿರ ಸುಳಿದಾಡಿತು. ಆಕಾಶದಲ್ಲಿ ಹೆಸರಿಗೂ ಒಂದು ಮೋಡವಿರಲಿಲ್ಲ. ಪುಟ್ಟೇನಹಳ್ಳಿ ಕೆರೆಯ ಕಡೆಯಿಂದ ಬೀಸುವ ಗಾಳಿಯಲ್ಲೂ ತಂಪಿರಲಿಲ್ಲ; ರಸ್ತೆಯ ಹೊಂಗೆಮರಗಳು ಹಳೆಯ ಎಲೆಗಳನ್ನು ಉದುರಿಸಿ ಚಿಗುರಿಗೆ ಕಾಯುತ್ತಿದ್ದವು. ಶಿವರಾತ್ರಿಗೆ ಎರಡು ದಿನ ಉಳಿದಿತ್ತು.

ಆ ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ, ಪುಟ್ಟೇನಹಳ್ಳಿಯ ಅಂಗನವಾಡಿಯ ಹೊರಗೋಡೆಯ ಮೇಲೆ ನಯನಾ ಎಂಬ ಇಪ್ಪತ್ತೆರಡು ವರ್ಷದ ಹುಡುಗಿ ತನ್ನ ಚಿತ್ರದ ಕಣ್ಣುಗಳಿಗೆ ಕೊನೆಯ ಬಿಳಿ ಚುಕ್ಕೆ ಇಟ್ಟು ಏಣಿಯಿಂದ ಇಳಿದಳು. ಹದಿನೆಂಟು ಅಡಿ ಉದ್ದದ ಗೋಡೆ. ನಟ್ಟನಡುವೆ ಒಬ್ಬ ವೃದ್ಧೆ ಮೊರ ಹಿಡಿದು ಕುಳಿತಿದ್ದಾಳೆ. ಸುತ್ತಲೂ ರಾಗಿತೆನೆಗಳು. ಆ ವೃದ್ಧೆ ಬೇರೆ ಯಾರೂ ಅಲ್ಲ, ಅದೇ ಊರಿನ ಮುನಿವೆಂಕಟಮ್ಮ, ವಯಸ್ಸು ಎಂಬತ್ತೊಂದು. ೧೯೮೭ರಲ್ಲಿ ಊರಿನವರೆಲ್ಲ ಹೊಲಗಳನ್ನು ಸೈಟು ಮಾಡಿ ಮಾರಲು ತೊಡಗಿದ್ದಾಗ, ತನ್ನ ಪಾಲಿನ ಹಿತ್ತಲನ್ನು ಇದೇ ಮಕ್ಕಳ ಶಾಲೆಗೆಂದು ಬಿಟ್ಟುಕೊಟ್ಟ ಹೆಂಗಸು. ಚಿತ್ರಕ್ಕಾಗಿ ನಯನಾಳ ಮುಂದೆ ಮೂರು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಮುಗಿದ ಚಿತ್ರವನ್ನು ಇನ್ನೂ ನೋಡಿರಲಿಲ್ಲ. ಹಿಂದಿನ ಭಾನುವಾರದಿಂದ ಸಂಜಯನಗರದ ಮಗಳ ಮನೆಯಲ್ಲಿದ್ದರು.

ಒಂದು ತಿಂಗಳ ಹಿಂದಿನವರೆಗೆ ಆ ಗೋಡೆ ದಾರಿಹೋಕ ಗಂಡಸರ ಮೂತ್ರಕ್ಕೆ ಮೀಸಲಾಗಿತ್ತು. ಮಕ್ಕಳು ಮೂಗು ಮುಚ್ಚಿಕೊಂಡೇ ಒಳಗೆ ಹೋಗಬೇಕಿತ್ತು. ನಯನಾ ಮುದುಕಿಯ ಮುಖದ ಗೆರೆ ಎಳೆದ ದಿನದಿಂದ ಅಲ್ಲಿ ನಿಲ್ಲುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಹುಡುಗಿ ಕುಂಚ ತೊಳೆಯುತ್ತಿರುವಾಗ, ಆಕೆಗೆ ಈ ಕೆಲಸ ಕೊಡಿಸಿದ್ದ ಫಕೀರಪ್ಪ ತನ್ನ ಮೊಪೆಡ್ಡಿನ ಚೀಲದಿಂದ ಬೇಕಾದ್ದಕ್ಕಿಂತ ಒಂದು ಮೊಳ ಜಾಸ್ತಿಯೇ ಇದ್ದ ಚೆಂಡುಹೂವಿನ ಹಾರ, ಒಂದು ತೆಂಗಿನಕಾಯಿ, ಊದುಬತ್ತಿ, ಅರಿಶಿನ ಕುಂಕುಮದ ಪೊಟ್ಟಣ ತೆಗೆದ. ಚಿತ್ರದ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಇಟ್ಟ. ಗೋಡೆಯ ನೆತ್ತಿಯಲ್ಲಿ ಎರಡು ಮೊಳೆ ಹೊಡೆದು ಹಾರ ಇಳಿಬಿಟ್ಟ. ಊದುಬತ್ತಿ ಹಚ್ಚಿ, ಕಾಯಿ ಒಡೆದು, ಕೈಮುಗಿದು, ಹುಡುಗಿಯನ್ನು ಬಸ್‌ಸ್ಟಾಪಿಗೆ ಬಿಟ್ಟು, ತೃಪ್ತನಾಗಿ ಮನೆಗೆ ಹೋದ.

ನಲವತ್ತೈದು ವರ್ಷಗಳಿಂದ ಅವನು ಮಾಡಿಕೊಂಡು ಬಂದದ್ದೇ ಇದು. ಹಾವೇರಿ ಕಡೆಯ ಹಳ್ಳಿಯ ಫಕೀರಪ್ಪ ತನ್ನ ಹದಿನೇಳನೆಯ ವಯಸ್ಸಿನಲ್ಲಿ, ೧೯೭೯ನೆಯ ಜೂನ್ ೧೧, ಸೋಮವಾರ ಬೆಳಿಗ್ಗೆ ಯಶವಂತಪುರ ಸ್ಟೇಷನ್ನಿನಲ್ಲಿ ಇಳಿದಿದ್ದ. ಬೋರ್ಡು ಬರೆಯುವ ಮುನಿಶಾಮಪ್ಪನವರು ಅವನನ್ನು ಕೈಕೆಳಗೆ ಇಟ್ಟುಕೊಂಡರು. ಅಕ್ಷರದ ಹೊಟ್ಟೆ ಎಷ್ಟು ಉಬ್ಬಬೇಕು, ನೆರಳು ಯಾವ ಮಗ್ಗುಲಿಗೆ ಬೀಳಬೇಕು ಎಂಬುದರಿಂದ ಹಿಡಿದು, ಮುಗಿದ ಬೋರ್ಡಿಗೆ ಹಾರ ಹಾಕಿ ಕಾಯಿ ಒಡೆಯದೆ ಕೈಬಿಡಬಾರದು ಎಂಬವರೆಗೆ ಎಲ್ಲವನ್ನೂ ಕಲಿಸಿದರು. ಅಂದಿನಿಂದ ಕಿರಾಣಿ ಅಂಗಡಿ, ಸೈಕಲ್ ಶಾಪು, ಹೋಟೆಲು, ಕ್ಲಿನಿಕ್ಕು ಎನ್ನದೆ ಫಕೀರಪ್ಪ ಬರೆದ ಬೋರ್ಡೆಲ್ಲವೂ ಹಾರ ಧರಿಸಿಕೊಂಡೇ ಲೋಕಕ್ಕೆ ಮುಖ ತೋರಿದ್ದವು. ಫ್ಲೆಕ್ಸ್ ಬಂತು. ಅವನ ಕೊನೆಯ ದೊಡ್ಡ ಬೋರ್ಡು ಆರ್.ಟಿ. ನಗರದ ಒಂದು ಬೇಕರಿಯದು. ಬರೆದು ಮುಗಿಸಿದ್ದು ೨೦೦೬ನೆಯ ಅಕ್ಟೋಬರ್ ೨೩ರಂದು. ಆಮೇಲೆ ವಾಹನಗಳ ನಂಬರ್ ಪ್ಲೇಟು, ದೇವಸ್ಥಾನದ ಸೇವಾಪಟ್ಟಿ, ಹೀಗೆ ಕಾಲ ತಳ್ಳಿದ.

೨೦೧೯ನೆಯ ಆಗಸ್ಟ್ ೧೭, ಶನಿವಾರ ಅವನ ಬದುಕು ಮತ್ತೊಂದು ಕಡೆಗೆ ಹೊರಳಿತು. ಹೆಬ್ಬಾಳದ ಹತ್ತಿರ ಚಿತ್ರಕಲೆಯ ವಿದ್ಯಾರ್ಥಿಗಳು ಐದಾರು ಮಂದಿ ಬಿಸಿಲಿನಲ್ಲಿ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಕೂಲಿ ಎಷ್ಟು ಎಂದು ವಿಚಾರಿಸಿದ. ಕೂಲಿ ಇಲ್ಲ, ಮಧ್ಯಾಹ್ನ ಪಲಾವ್ ಕೊಡುತ್ತಾರೆ, ಆಮೇಲೆ ಸರ್ಟಿಫಿಕೇಟು ಕೊಡುತ್ತಾರೆ ಎಂದರು. ಫಕೀರಪ್ಪನಿಗೆ ಆ ರಾತ್ರಿ ಊಟ ಸೇರಲಿಲ್ಲ. ಮರುದಿನವೇ ಉದ್ದನೆಯ ನೋಟುಬುಕ್ಕೊಂದನ್ನು ಕೊಂಡ. ಎಡಪುಟದಲ್ಲಿ ಊರಿನ ಹೊಲಸು ಗೋಡೆಗಳು, ಅವುಗಳ ಒಡೆಯರು. ಬಲಪುಟದಲ್ಲಿ ಕೈ ಚೆನ್ನಾಗಿರುವ, ಕೆಲಸವಿಲ್ಲದ ಹುಡುಗ ಹುಡುಗಿಯರು. ಮೊಪೆಡ್ಡಿನಲ್ಲಿ ಓಡಾಡಿ ಎಡಕ್ಕೂ ಬಲಕ್ಕೂ ಗಂಟು ಹಾಕುವುದು ಅವನ ಕಸುಬಾಯಿತು. ತನಗೆಂದು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ದಿನಗೂಲಿ ಗೊತ್ತಾಗದೆ ಒಬ್ಬರೂ ಕುಂಚ ಅದ್ದಕೂಡದು ಎಂಬ ಮಾತಿನಲ್ಲಿ ಮಾತ್ರ ಕಲ್ಲು.

ಪುಟ್ಟೇನಹಳ್ಳಿಯ ಗೋಡೆ ಅವನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆಯಾಗಿತ್ತು. ಮುನಿವೆಂಕಟಮ್ಮನವರ ಮೈದುನ ದೊಡ್ಡಮುನಿಯಪ್ಪನವರ ಮಗ ಸತೀಶ್, ಹೊಲವನ್ನು ಲೇಔಟ್ ಮಾಡಿ ಬೆಳೆದ ಬಿಲ್ಡರ್, ಊರಿನ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ಸುತ್ತಲಿನ ಹನ್ನೆರಡು ಅಂಗನವಾಡಿಗಳ ಗೋಡೆಗಳಿಗೆ ಸಂಘದಿಂದ ಚಿತ್ರ ಬರೆಸಲು ಅವನು ಒಪ್ಪಿದ್ದ. ಆದರೆ ಮೊದಲ ಗೋಡೆ ಊರಿಗೆ ಒಪ್ಪಿಗೆಯಾದರೆ ಮಾತ್ರ ಉಳಿದ ಹನ್ನೊಂದು. ೯ನೆಯ ತಾರೀಖು ಶನಿವಾರದ ಸಭೆಯಲ್ಲಿ ತೀರ್ಮಾನ. ಹನ್ನೊಂದೂ ಸಿಕ್ಕರೆ ನಯನಾಳಿಗೂ ಇನ್ನು ನಾಲ್ವರಿಗೂ ಎಂಟು ತಿಂಗಳ ಕೆಲಸ. ಸಿಗದಿದ್ದರೆ ನಯನಾ ೧೧ರ ಸೋಮವಾರದಿಂದ ತಣಿಸಂದ್ರದ ಸೂಪರ್‌ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೂರಬೇಕು. ತಾಯಿಗೆ ಹಾಗೆಂದು ಮಾತು ಕೊಟ್ಟಾಗಿತ್ತು. ಬಣ್ಣ ಅನ್ನ ಹಾಕುತ್ತದೆಂದು ಆ ಹುಡುಗಿಯನ್ನು ಒಂದು ವರ್ಷ ತಡೆದು ನಿಲ್ಲಿಸಿದವನು ಫಕೀರಪ್ಪ. ಆ ಮಾತು ಸುಳ್ಳಾದರೆ ಇನ್ನೊಬ್ಬ ಮಗುವಿಗೆ ಅದನ್ನು ಹೇಳಲು ತನಗೆ ಬಾಯಿ ಬರಲಾರದೆಂದು ಅವನಿಗೆ ಗೊತ್ತಿತ್ತು.

೭ನೆಯ ತಾರೀಖು ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ, ಚಿತ್ರದ ಮೇಲೆ ಕೊನೆಯ ವಾರ್ನಿಷ್ ಕೋಟು ಹಚ್ಚಲು ಅವರಿಬ್ಬರೂ ಮತ್ತೆ ಬಂದರು. ಕೆರೆಯ ತಿರುವು ದಾಟಿದೊಡನೆ ತಮಟೆಯ ಸದ್ದು ಕಿವಿಗೆ ಬಿತ್ತು. ಯಾರದೋ ಸಾವು ಎಂದುಕೊಂಡು ಫಕೀರಪ್ಪ ಮೊಪೆಡ್ಡಿನ ವೇಗ ತಗ್ಗಿಸಿದ. ಶಾಮಿಯಾನ ಹಾಕಿದ್ದು ದೊಡ್ಡಮುನಿಯಪ್ಪನವರ ಮನೆಯ ಮುಂದೆ. ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ಜಗುಲಿಯ ಮೇಲೆ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿ ಅಳುತ್ತಿದ್ದರು. ಗೇಟಿನ ಪಕ್ಕ ಹೆಣ ಇಡುವ ಐಸ್ ಬಾಕ್ಸನ್ನು ಇಬ್ಬರು ಟೆಂಪೋದಿಂದ ಇಳಿಸುತ್ತಿದ್ದರು. ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ಮುಖವಿತ್ತು. ಅದು ಯಾವುದೋ ಹಳೆಯ ಫೋಟೋ ಅಲ್ಲ. ನಿನ್ನೆ ನಯನಾ ಕಣ್ಣು ಬರೆದು ಮುಗಿಸಿದ್ದ ಅದೇ ಮುಖ. ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'.

ಫಕೀರಪ್ಪ ಬ್ರೇಕ್ ಒತ್ತಿ ಮೊಪೆಡ್ ನಿಲ್ಲಿಸಿದ. ಹಿಂದೆ ಕುಳಿತಿದ್ದ ನಯನಾ ಇಳಿದವಳು ವಾರ್ನಿಷ್ ಡಬ್ಬಿ ಹಿಡಿದುಕೊಂಡು ನಿಂತಲ್ಲೇ ನಿಂತಳು. ಹತ್ತಿರದ ಹೆಂಗಸೊಬ್ಬಳನ್ನು ಕೇಳಿದರೆ, ಕಣ್ಣಿನ ಆಪರೇಷನ್‌ಗೆಂದು ಮಗಳ ಮನೆಗೆ ಹೋಗಿದ್ದ ಮುನಿವೆಂಕಟಮ್ಮ ನಿನ್ನೆ ಹೋಗಿಬಿಟ್ಟರು, ಆಸ್ಪತ್ರೆಯಿಂದ ಇನ್ನೂ ತಂದಿಲ್ಲ ಎಂದಳು. ನಿನ್ನೆ. ನಿನ್ನೆ ಐದು ನಲವತ್ತಕ್ಕೆ ಇಲ್ಲಿ ಕಣ್ಣು ತೆರೆದಾಗ ಅಲ್ಲಿ ಕಣ್ಣು ಮುಚ್ಚಿತೇ? ಬದುಕಿರುವವರ ಆಳೆತ್ತರದ ಚಿತ್ರ ಬರೆದರೆ ಆಯಸ್ಸು ಕುಗ್ಗುತ್ತದೆಂದು ಮುನಿಶಾಮಪ್ಪನವರು ಒಂದೇ ಒಂದು ಮುಖವನ್ನೂ ಬರೆಯದೆ ಬದುಕು ಸವೆಸಿದ್ದರು. ಆ ನಂಬಿಕೆಗೆ ಫಕೀರಪ್ಪ ಹಿಂದೆ ನಕ್ಕಿದ್ದ. ಈಗ ಅದನ್ನು ಅಲ್ಲಗಳೆಯುವ ಧೈರ್ಯ ಉಳಿಯಲಿಲ್ಲ.

"ಸರ್, ನಾನು ಬರಿಬಾರ್ದಿತ್ತಾ?" ಎಂದಳು ನಯನಾ.

ಅಷ್ಟರಲ್ಲಿ ಸತೀಶ್ ಅವರನ್ನು ಕಂಡು ತಾನೇ ಎದ್ದು ಬಂದ. ಬಿಳಿ ಪಂಚೆ, ಕೆಂಪಾದ ಕಣ್ಣು. ಫಕೀರಪ್ಪನ ಎರಡೂ ಕೈ ಹಿಡಿದುಕೊಂಡ. ನೆಂಟರಿಗೆಲ್ಲ ಸುದ್ದಿ ಮುಟ್ಟಿದೆ, ಚಿಕ್ಕಬಳ್ಳಾಪುರದಿಂದ, ರಾಜಾನುಕುಂಟೆಯಿಂದ ಜನ ಬರುತ್ತಿದ್ದಾರೆ, ದೊಡ್ಡಮ್ಮನಿಗೆ ಇಂಥ ಚಿತ್ರದ ಭಾಗ್ಯವಾದರೂ ಸಿಕ್ಕಿತು ಎಂದು ಹೇಳಿ ದನಿ ತಗ್ಗಿಸಿದ.

"ನಿಮ್ ಋಣ ದೊಡ್ಡದು ಫಕೀರಪ್ಪನೋರೆ. ನಮಗಿಂತ ಮೊದ್ಲೇ ಹಾರ ಹಾಕಿ ಊದುಬತ್ತಿ ಹಚ್ಚಿದ್ರಿ. ಒಂದೇ ಒಂದ್ ಮಾತು ಕೇಳ್ಬೇಕಿತ್ತು. ನಿಮಗೆ ಯಾರ್ ಹೇಳಿದ್ರು?"

ಕೇಳಿದ ಪ್ರಶ್ನೆ ಫಕೀರಪ್ಪನ ಒಳಗೆ ಇಳಿಯಲು ಹೊತ್ತು ಹಿಡಿಯಿತು. ಇಳಿದ ಮೇಲೆ ಅದು ನಿಲ್ಲಲೇ ಇಲ್ಲ. ಹೂವು, ಊದುಬತ್ತಿ, ಕುಂಕುಮ, ಇವೆಲ್ಲ ಅಂಗಡಿಯ ಹೆಸರಿನ ಮೇಲೆ ಇದ್ದಾಗ ಒಂದು, ಮನುಷ್ಯನ ಮುಖದ ಮೇಲೆ ಇದ್ದಾಗ ಇನ್ನೊಂದು ಎಂಬುದು ನಲವತ್ತೈದು ವರ್ಷದಲ್ಲಿ ಅವನಿಗೆ ಹೊಳೆಯುವ ಸಂದರ್ಭವೇ ಬಂದಿರಲಿಲ್ಲ. ಅವನು ಎಂದೂ ಮುಖಕ್ಕೆ ಹಾರ ಹಾಕಿದವನಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಬಾಯಿ ತಾನಾಗಿ ತೆರೆಯಿತು.

"ಯಾರೂ ಹೇಳಿಲ್ರಿ. ಅದು ಬೋರ್ಡಿನ ಹಾರರಿ. ಕೆಲಸ ಮುಗದ ಮ್ಯಾಲ ಹಾಕೋದು. ಅವ್ವಾರು ಹೋದ್ರಂತ ನನಗ ಈಗ ಇಲ್ಲಿ ಬಂದ ಮ್ಯಾಲ ಗೊತ್ತಾಗಿದ್ದು." ಆಮೇಲೆ ಕೇಳಿದ: "ನಿಮಗ ಯಾರು ಹೇಳಿದ್ರಿ?"

ಸತೀಶ್ ಹಿಡಿದಿದ್ದ ಕೈ ಬಿಟ್ಟ.

"ನಿಮ್ ಹಾರ," ಎಂದ.

ಆಮೇಲೆ ಎಳೆ ಎಳೆಯಾಗಿ ಹೊರಬಿದ್ದ ಸಂಗತಿ ಇಷ್ಟು. ಹಿಂದಿನ ಸಂಜೆ ಗೋಡೆಯ ಮುಂದೆ ಹಾದುಹೋದ ನೆಂಟನೊಬ್ಬ ಹಾರ ಹಾಕಿದ ಮುಖ ಕಂಡು ಬೆಚ್ಚಿ, ಫೋಟೋ ತೆಗೆದು, 'ಓಂ ಶಾಂತಿ' ಎಂದು ವಾಟ್ಸಾಪ್ ಸ್ಟೇಟಸ್ ಹಾಕಿದ್ದ. ಬೆಳಗಾಗುವಷ್ಟರಲ್ಲಿ ಅದು ಬಳಗದ ಅರುವತ್ತು ಮನೆ ಸುತ್ತಿತ್ತು. ಬುಧವಾರ ಆಪರೇಷನ್ ಎಂಬುದು ಸತೀಶನಿಗೆ ಗೊತ್ತಿತ್ತು. ದೊಡ್ಡಮ್ಮನ ಮಗಳು ಬೈರಮ್ಮನಿಗೆ ಆರು ಸಲ ಫೋನ್ ಮಾಡಿದ, ಸ್ವಿಚ್ ಆಫ್. ಸಂಜಯನಗರಕ್ಕೆ ಒಬ್ಬನನ್ನು ಓಡಿಸಿದ. ಮನೆಗೆ ಬೀಗ. ಪಕ್ಕದವರು, ಮುಂಜಾನೆಯೇ ಮುದುಕಿಯನ್ನು ಆಸ್ಪತ್ರೆಗೆ ಕರೆದೊಯ್ದರು ಎಂದರು. ಇನ್ನೇನು ಬೇಕು? ಶಾಮಿಯಾನದವನಿಗೆ ಫೋನ್ ಹೋಯಿತು.

ಈಗ ಮುನಿವೆಂಕಟಮ್ಮ ಇದ್ದಾರೆಯೇ ಇಲ್ಲವೇ ಎಂಬುದನ್ನು ಹೇಳಬಲ್ಲವರು ಆ ನೂರು ಜನರ ನಡುವೆ ಒಬ್ಬರೂ ಇರಲಿಲ್ಲ. ಸತೀಶ್ ಏಳನೆಯ ಸಲ ಫೋನ್ ಮಾಡಿದ. ಸ್ವಿಚ್ ಆಫ್. ಅವನ ಮುಖದಲ್ಲಿದ್ದ ದುಃಖ ಒಂದು ಗಳಿಗೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಂತು, ಸಿಟ್ಟಿಗೆ ತಿರುಗಿತು.

"ಇದಾರೋ ಇಲ್ವೋ ಗೊತ್ತಿಲ್ದೋರ್ಗೆ ಐಸ್ ಬಾಕ್ಸ್ ತರ್ಸಿಬಿಟ್ರಲ್ರೀ! ಊರ್ ಮುಂದೆ ನಾನ್ ಏನಂತ ಮುಖ ತೋರ್ಸ್ಲಿ? ಇನ್ನೊಂದ್ ಗೋಡೆ ಮುಟ್ಬೇಡಿ. ಹನ್ನೊಂದೂ ಇಲ್ಲ, ಇದೂ ಇಲ್ಲ. ಈಗ್ಲೇ ಸುಣ್ಣ ಹೊಡಿಸ್ತೀನಿ."

ಸುಣ್ಣ ತರಲು ಆಳು ಹೋದ. ನಯನಾ ವಾರ್ನಿಷ್ ಡಬ್ಬಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ಅಳಲಿಲ್ಲ. ಅವಳು ಅತ್ತಿದ್ದರೆ ಚೆನ್ನಾಗಿತ್ತು ಎನಿಸಿತು ಫಕೀರಪ್ಪನಿಗೆ. ಚಿತ್ರ ಇವಳದು, ಹಾರ ತನ್ನದು. ಸುಣ್ಣ ಬೀಳುವುದು ಚಿತ್ರಕ್ಕೆ.

ಆಳು ಬಕೆಟ್ಟು ಹಿಡಿದು ಗೋಡೆಯ ಕಡೆ ತಿರುಗುವ ಹೊತ್ತಿಗೆ ಒಂದು ಆಟೋ ಶಾಮಿಯಾನದ ಅಂಚಿಗೆ ಬಂದು ನಿಂತಿತು. ಮೊದಲು ಬೈರಮ್ಮ, ಚಾರ್ಜ್ ಮುಗಿದ ಫೋನ್ ಕೈಯಲ್ಲಿ ಹಿಡಿದು, ಇಳಿದಳು. ಅವಳ ಇನ್ನೊಂದು ಕೈ ಹಿಡಿದು, ಅರ್ಧ ಮುಖ ಮುಚ್ಚುವಷ್ಟು ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡ ಮುನಿವೆಂಕಟಮ್ಮ ಇಳಿದರು. ಎಡಗಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಆಸ್ಪತ್ರೆಯಿಂದ ನೇರವಾಗಿ, ತನ್ನ ಚಿತ್ರ ನೋಡಬೇಕೆಂದು ಬಂದಿದ್ದರು.

ತಮಟೆಯವನ ಕೋಲು ಗಾಳಿಯಲ್ಲೇ ನಿಂತಿತು. ಜಗುಲಿಯ ಹೆಂಗಸರಲ್ಲಿ ಒಬ್ಬಳು ಕೂಗಿಕೊಂಡು ಕುಸಿದಳು. ಉಳಿದವರು ಅವಳನ್ನು ಹಿಡಿಯುವುದನ್ನೂ ಮರೆತರು. ಫಕೀರಪ್ಪ ಸತ್ತವರು ಎದ್ದದ್ದನ್ನು ಕಂಡವನಂತೆ ಎರಡು ಹೆಜ್ಜೆ ಹಿಂದೆ ಸರಿದು, ಐಸ್ ಬಾಕ್ಸಿಗೆ ತಾಗಿ ಅದರ ಮೇಲೆಯೇ ಕುಳಿತುಬಿಟ್ಟ.

ಮುದುಕಿ ಶಾಮಿಯಾನ ನೋಡಿದರು, ಕುರ್ಚಿ ನೋಡಿದರು.

"ಯಾರ್ಲಾ ಸತ್ತೋರು?"

ಎಪ್ಪತ್ತಾರರ ದೊಡ್ಡಮುನಿಯಪ್ಪನವರು ಕೋಲೂರಿ ಎದ್ದು ನಿಂತು, ನಿಜವನ್ನೇ ಹೇಳಿದರು. "ನೀನೇ ಕಣತ್ಗೆ."

ಅವರನ್ನು ಕುರ್ಚಿಯ ಮೇಲೆ ಕೂರಿಸಿ, ನೀರು ಕೊಟ್ಟು, ನಡೆದದ್ದನ್ನೆಲ್ಲ ನಾಲ್ಕು ಬಾಯಿಯಿಂದ ಹೇಳಿದರು. ಫಕೀರಪ್ಪ ಮುಂದೆ ಬಂದು, ತಪ್ಪು ತನ್ನದು, ಹುಡುಗಿಯದಲ್ಲ ಎಂದು ಕೈಮುಗಿದು ಹೇಳಿದ. ಸತೀಶ್ ಸುಣ್ಣದ ವಿಷಯ ಹೇಳಿದ. ಬಳಗದ ಹಿರಿಯರು ಇದು ದೊಡ್ಡ ಅಪಶಕುನ, ಚಿತ್ರ ಉಳಿಯಕೂಡದು ಎಂದು ತಲೆಯಾಡಿಸಿದರು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕದೊಳಗಿನಿಂದ ನಯನಾಳ ಕಡೆ ತಿರುಗಿ, ಇನ್ನು ಗೋಡೆ ಇಲ್ಲ ಅಂದರೆ ಅವಳೇನು ಮಾಡುತ್ತಾಳೆಂದು ವಿಚಾರಿಸಿದರು.

"ಸೋಮವಾರದಿಂದ ಬಿಲ್ಲಿಂಗ್ ಕೌಂಟರ್‌ಗೆ ಹೋಗ್ತೀನಿ ಅಜ್ಜಿ," ಎಂದಳು ನಯನಾ.

ಮುನಿವೆಂಕಟಮ್ಮ ಇನ್ನೊಂದು ಗುಟುಕು ನೀರು ಕುಡಿದರು. ಲೋಟವನ್ನು ನೆಲಕ್ಕಿಟ್ಟರು.

"ಮೊನ್ನೆ ಸೋಮ್ವಾರ ಬಟ್ಟೆ ಒಣಗಾಕ್ವಾಗ ಕಾಗೆ ಬಂದು ನನ್ ತಲೆ ಮುಟ್ಟೋಯ್ತು. ಆಪರೇಸನ್ ಐತೆ, ಎದರ್ಕೋತೀರ ಅಂತ ಯಾರ್ಗೂ ಏಳ್ಲಿಲ್ಲ."

ಗುಂಪಿನಲ್ಲಿ ಒಂದು ಉಸಿರು ಹಾದುಹೋಯಿತು. ಆ ಸೀಮೆಯ ಹಳೆಯ ಮನೆಗಳಲ್ಲಿ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ. ಕಾಗೆ ತಲೆ ಮುಟ್ಟಿದರೆ ಮೃತ್ಯು ಬಂದು ಮುಟ್ಟಿದಂತೆ. ಅದಕ್ಕೆ ಪರಿಹಾರ ಒಂದೇ: ಆ ಮನುಷ್ಯ ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು, ಅವರು ನಂಬಿ ನಿಜವಾಗಿ ಅಳಬೇಕು. ಅತ್ತ ಕಣ್ಣೀರಿನಲ್ಲಿ ಗಂಡಾಂತರ ಕೊಚ್ಚಿಹೋಗುತ್ತದೆ. ಸತ್ತನೆಂದು ಕೇಳಿದವನ ಆಯಸ್ಸು ಬೆಳೆಯುತ್ತದೆ.

ಬೈರಮ್ಮ ಏನೋ ಹೇಳಲು ಬಾಯಿ ತೆರೆದಳು. ಸೋಮವಾರ ಇಡೀ ದಿನ ತಾಯಿ ತನ್ನ ಮನೆಯೊಳಗೇ ಇದ್ದು, ಅಂಗಳಕ್ಕೂ ಇಳಿದಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಕಪ್ಪು ಕನ್ನಡಕ ಅವಳ ಕಡೆ ತಿರುಗಿತು. ಅವಳು ಬಾಯಿ ಮುಚ್ಚಿಕೊಂಡಳು.

"ಅಂಗಾದ್ರೆ ಒಳ್ಳೇದೇ ಆಯ್ತು ಬಿಡು," ಎಂದರು ದೊಡ್ಡಮುನಿಯಪ್ಪನವರು, ಕೋಲನ್ನು ನೆಲಕ್ಕೆ ಕುಟ್ಟಿ. ಹಿರಿಯರ ತಲೆಗಳು ಈಗ ಬೇರೆ ಕಡೆಗೆ ಆಡಿದವು. ಬೈರಮ್ಮ ಬಾಯಿ ಮುಚ್ಚಿಕೊಂಡದ್ದನ್ನು ಕಂಡಿದ್ದ ಫಕೀರಪ್ಪ ಮಾತ್ರ ಮುದುಕಿಯ ಮುಖವನ್ನೇ ನೋಡುತ್ತ ನಿಂತಿದ್ದ. ಸಾವಿನ ಸುದ್ದಿಗಿಂತ, ಆಟೋ ಬಂದದ್ದಕ್ಕಿಂತ, ಈ ಮಾತು ಅವನನ್ನು ಹೆಚ್ಚು ದಂಗುಬಡಿಸಿತು. ತನ್ನ ಸಾವಿಗೆ ಕೂಡಿದ ಜನರ ನಡುವೆ ಕುಳಿತು, ಪರರ ಮಗಳಿಗಾಗಿ ತನ್ನ ತಲೆಯ ಮೇಲೆ ಕಾಗೆ ಕೂರಿಸಿಕೊಳ್ಳುವ ಎದೆಗಾರಿಕೆಯನ್ನು ಅವನು ಅರುವತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ.

ಗೋಡೆಯ ಹತ್ತಿರ ಕರೆದೊಯ್ಯಿರಿ ಎಂದರು ಮುನಿವೆಂಕಟಮ್ಮ. ಮೆರವಣಿಗೆಯಂತೆ ಎಲ್ಲರೂ ಹಿಂದೆ ಹೋದರು; ಸುಣ್ಣದ ಬಕೆಟ್ಟಿನವನೂ ಹೋದ. ಫಕೀರಪ್ಪ ಓಡಿ ಹೋಗಿ ಹಾರ ಕಿತ್ತ. ಮುದುಕಿ ಕನ್ನಡಕ ಎತ್ತಿ, ಹೊಸ ಕಣ್ಣಿನಿಂದ ಬಹಳ ಹೊತ್ತು ತನ್ನನ್ನೇ ನೋಡಿಕೊಂಡರು.

"ಮೂಗು ನಂದೇ," ಎಂದರು. "ಆದ್ರೆ ಒಬ್ಳನ್ನೇ ಇಂಗೆ ಗೋಡೆ ಮೇಲೆ ಕೂರ್ಸಿದ್ರೆ, ಆರ ಇಲ್ದಿದ್ರೂ ಸತ್ತೋಳಂಗೇ ಕಾಣ್ತೀನಿ ಕಣವ್ವ. ಪಕ್ಕದಲ್ಲಿ ಜನ ಬರಿ. ಬದ್ಕಿರೋರ್ನ ಬರಿ." ಆಮೇಲೆ ಸತೀಶನ ಕಡೆ ತಿರುಗಿದರು. "ಅದ್ಕೆ ಎಷ್ಟ್ ದಿನ ಇಡೀತದೋ ಅಷ್ಟ್ ದಿನದ ಕೂಲಿ ಕೊಡ್ಲಾ. ಸಾಮ್ಯಾನದೋನ್ಗೆ ಕೊಡಾಕ್ಕಿಲ್ವಾ ನೀನು?"

ಸತೀಶ್ ತಲೆ ತಗ್ಗಿಸಿ, "ಸರಿ ದೊಡ್ಡಮ್ಮ," ಎಂದ.

೨೦೨೪ನೆಯ ಮಾರ್ಚ್ ೯, ಶನಿವಾರದ ಸಭೆಯಲ್ಲಿ ಸಂಘವು ಉಳಿದ ಹನ್ನೊಂದು ಗೋಡೆಗಳ ಕೆಲಸವನ್ನು ಒಪ್ಪಿತು. ೧೧ನೆಯ ತಾರೀಖು ಸೋಮವಾರ ನಯನಾ ಪುಟ್ಟೇನಹಳ್ಳಿಯ ಗೋಡೆಗೆ ಹಿಂದಿರುಗಿ, ೨೩ರವರೆಗೆ ಮುನಿವೆಂಕಟಮ್ಮನವರ ಎರಡೂ ಮಗ್ಗುಲಿಗೆ ಊರಿನ ಹದಿನಾಲ್ಕು ಮಂದಿಯನ್ನು ಬರೆದಳು. ತಮ್ಮನ್ನು ಬಿಟ್ಟರೆಂದು ಮೂರು ಮನೆಯವರು ಸಂಘಕ್ಕೆ ದೂರು ಕೊಟ್ಟದ್ದರಿಂದ ಆ ಗೋಡೆಯನ್ನು ಮೇ ತಿಂಗಳಲ್ಲಿ ಆರು ಅಡಿ ಬೆಳೆಸಲಾಯಿತು. ಹನ್ನೆರಡನೆಯ ಗೋಡೆ ಮುಗಿದದ್ದು ೨೦೨೪ನೆಯ ನವೆಂಬರ್ ೩೦ರಂದು. ಐವರು ಕಲಾವಿದರಿಗೂ ಗೊತ್ತುಪಡಿಸಿದ ದಿನಗೂಲಿ ಪೂರ್ತಿಯಾಗಿ ಸಂದಾಯವಾಯಿತು. ಮುನಿವೆಂಕಟಮ್ಮನವರ ಬಲಗಣ್ಣಿನ ಆಪರೇಷನ್ ಏಪ್ರಿಲ್ ೧೮, ಗುರುವಾರ ನಡೆಯಿತು. ಅವರು ೨೦೨೫ನೆಯ ಫೆಬ್ರವರಿ ೨, ಭಾನುವಾರ ಮಧ್ಯಾಹ್ನ ತಮ್ಮ ಮನೆಯಲ್ಲಿ ತೀರಿಕೊಂಡರು. ಫಕೀರಪ್ಪ ಆ ವರ್ಷದ ಜೂನ್‌ವರೆಗೆ ನೋಟುಬುಕ್ಕಿನ ಎರಡನೆಯ ಸಂಪುಟದಲ್ಲಿ ನಲವತ್ತಮೂರು ಗೋಡೆಗಳನ್ನು ಬರೆದುಕೊಂಡಿದ್ದ. ಅವುಗಳಲ್ಲಿ ಹತ್ತೊಂಬತ್ತಕ್ಕೆ ಕೆಲಸ ಗೊತ್ತಾಗಿತ್ತು.